ದಿಮ್ಮಿ ಬರುವ ಬದಲು ಜೀಪೇ ಜಾರುತ್ತದೆ, ದೊಡ್ಡ ವಿಂಚ್ ಹಾಕಿಸಬೇಕಾ?

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮ ಅಡಿಕೆ ತೋಟ. ರಸ್ತೆ ಕೆಳಗಿನ ಇಳಿಜಾರಿನಲ್ಲಿ ಕಡಿಸಿದ ಅಕೇಶಿಯಾ ದಿಮ್ಮಿಗಳಿವೆ. ಜೀಪಿನ ವಿಂಚಿನಿಂದ (ಮುಂದುಗಡೆ ಕೂರಿಸಿದ, ಹಗ್ಗ ಸುತ್ತಿ ಎಳೆಯುವ ಮೋಟರ್) ಮೇಲೆ ಎಳೆಯಲು ಹೋದರೆ ದಿಮ್ಮಿ ಅಲ್ಲಾಡುವುದಿಲ್ಲ, ಜೀಪೇ ಮುಂದಕ್ಕೆ ಜಾರುತ್ತದೆ. ಈಗಿರುವುದು 9500 ಪೌಂಡಿನ ವಿಂಚ್. 12000ದ್ದು ಹಾಕಿಸಬೇಕಾ?

ಬೇಡ. ದುಡ್ಡು ಸುಮ್ನೆ ಹೋಗುತ್ತದೆ.

9500 ಪೌಂಡ್ ಅಂದರೆ ಸುಮಾರು 4300 ಕೆಜಿ ಎಳೆತ. ಹಗ್ಗ ಪೂರ್ತಿ ಬಿಚ್ಚಿ, ಅದು ಸುತ್ತಿಕೊಳ್ಳುವ ಡ್ರಮ್ಮಿನ ಮೇಲೆ ಒಂದೇ ಪದರ ಉಳಿದಾಗ ಮಾತ್ರ ಅಷ್ಟು ಬಲ ಸಿಗುತ್ತದೆ. ನಾಲ್ಕನೇ ಪದರಕ್ಕೆ ಬರುವಾಗ ಅದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಹಾಗಿದ್ದರೂ ಅದು ನಿಮ್ಮ ಜೀಪಿಗಿಂತ ಗಟ್ಟಿ. 1700 ಕೆಜಿಯ ಜೀಪು ನಾಲ್ಕೂ ಚಕ್ರ ಬಿಗಿದು ನಿಂತರೂ ಒಣ ಗಟ್ಟಿ ನೆಲದಲ್ಲಿ ತಡೆಯುವುದು ಸಾವಿರ ಕೆಜಿ ಆಸುಪಾಸು. ಜಂಬಿಟ್ಟಿಗೆ ಮಣ್ಣು ಒದ್ದೆಯಾಗಿದ್ದರೆ ಇನ್ನೂ ಕಡಿಮೆ. ಜೊತೆಗೆ ಹ್ಯಾಂಡ್ ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ. ವಿಂಚ್ ಜೀಪಿನ ಮೂತಿಯನ್ನು ಕೆಳಕ್ಕೆ ಎಳೆದಾಗ ಆ ಹಿಂದಿನ ಚಕ್ರಗಳೇ ಹಗುರಾಗುತ್ತವೆ. ಜೀಪು ಜಾರದೆ ಇನ್ನೇನು ಮಾಡೀತು?

ಈಗ ದಿಮ್ಮಿಯನ್ನು ನೋಡೋಣ. ಹತ್ತಡಿ ಉದ್ದ, 40 ಸೆಂಟಿಮೀಟರ್ ದಪ್ಪದ ಹಸಿ ಅಕೇಶಿಯಾ 350 ಕೆಜಿ ಆಸುಪಾಸು ತೂಗುತ್ತದೆ. ಅದು ನೆಲದ ಮೇಲೆ ಸಲೀಸಾಗಿ ಜಾರುವಂತಿದ್ದರೆ, 30 ಡಿಗ್ರಿ ಏರಿನಲ್ಲೂ ಹೆಚ್ಚುಕಡಿಮೆ ತನ್ನ ತೂಕದಷ್ಟೇ ಎಳೆತ ಕೇಳುತ್ತದೆ. ಅಷ್ಟನ್ನು ನಿಮ್ಮ ಜೀಪು ತಡೆಯಬಲ್ಲದು. ಆದರೂ ಜೀಪು ಜಾರುತ್ತಿದೆ ಅಂದರೆ ದಿಮ್ಮಿ ಎಲ್ಲೋ ಸಿಕ್ಕಿಕೊಂಡಿದೆ, ಅಲ್ವಾ? ಮೂತಿ ಬೇರಿನಡಿ ತೂರಿರುತ್ತದೆ, ಇಲ್ಲವೇ ಧರೆಗೆ ಚುಚ್ಚಿರುತ್ತದೆ. ಆಗ ನೀವು ಎಳೆಯುತ್ತಿರುವುದು ದಿಮ್ಮಿಯನ್ನಲ್ಲ, ಗುಡ್ಡವನ್ನು.

ಮೊದಲು ಮೂತಿ ಬಿಡಿಸಿ. ಹಿಂದೆ ಮಲೆನಾಡಿನ ಕಾಡಿನಲ್ಲಿ ನಾಟಾ ಎಳೆಯುತ್ತಿದ್ದ ಆನೆಗಳು, ದಿಮ್ಮಿ ಸಿಕ್ಕಿಬಿದ್ದರೆ ಸೊಂಡಿಲು, ದಂತ ಕೊಟ್ಟು ತುದಿ ಎತ್ತುತ್ತಿದ್ದವು. ನಮಗೆ ಹಾರೆ ಇದೆ, ಗರಗಸ ಇದೆ. ದಿಮ್ಮಿಯ ಮುಂದಿನ ಅಂಚನ್ನು ದೋಣಿಯ ಮೂತಿಯ ಹಾಗೆ ಸುತ್ತ ಕೆತ್ತಿ. ಅಡಿಗೆ ಹಳೇ ಬಾನೆಟ್ಟೋ, ಸೀಳಿದ ಡ್ರಮ್ಮೋ ಕೊಡಿ. ಸರಪಳಿಯನ್ನು ತುದಿಯಿಂದ ಒಂದಡಿ ಒಳಗೆ ಬಿಗಿಯಿರಿ. ನಾನು ಜಾಸ್ತಿ ನಂಬುವ ಉಪಾಯ ಇನ್ನೊಂದಿದೆ. ಸರಪಳಿಯ ಕೊಕ್ಕೆ ದಿಮ್ಮಿಯ ಪಕ್ಕಕ್ಕೋ ಅಡಿಗೋ ಬರುವ ಹಾಗೆ ಸುತ್ತಿ ನಿಧಾನ ಎಳೆದರೆ ದಿಮ್ಮಿ ಮೊದಲು ಉರುಳಿ, ಬೇರಿನಿಂದ ತಾನೇ ಬಿಡಿಸಿಕೊಳ್ಳುತ್ತದೆ.

ಇನ್ನೂ ಬರದಿದ್ದರೆ ರಾಟೆ ಬೇಕು. ಅಂಗಡಿಯಲ್ಲಿ ಸ್ನ್ಯಾಚ್ ಬ್ಲಾಕ್ ಅಂತ ಕೇಳಿ. ಇದನ್ನು ಕಟ್ಟುವುದರಲ್ಲೇ ತುಂಬಾ ಜನ ತಪ್ಪುತ್ತಾರೆ. ರಾಟೆ ದಿಮ್ಮಿಗೆ ಇರಲಿ. ಜೀಪಿನಿಂದ ಹೊರಟ ಹಗ್ಗ ರಾಟೆ ಸುತ್ತಿ ಮೇಲೆ ಬಂದು, ಜೀಪಿನ ಪಕ್ಕದ ಗಟ್ಟಿ ಮರದ ಬುಡಕ್ಕೆ ಸೇರಲಿ. ಆಗ ದಿಮ್ಮಿಗೆ ಬೀಳುವ ಎಳೆತದಲ್ಲಿ ಅರ್ಧ ಮರದ್ದು, ಅರ್ಧ ಜೀಪಿನದ್ದು. ಹಗ್ಗದ ತುದಿಯನ್ನು ವಾಪಸ್ ಜೀಪಿಗೇ ಸಿಕ್ಕಿಸಿದರೆ ವಿಂಚಿಗೆ ಹಗುರಾಗುತ್ತದೆ, ಆದರೆ ಪೂರ್ತಿ ಭಾರ ಜೀಪಿನ ಮೇಲೇ ಬಿದ್ದು ಅದು ಮತ್ತೆ ಜಾರುತ್ತದೆ. ಮರಕ್ಕೆ ಅಗಲ ಪಟ್ಟಿ ಕಟ್ಟಿ. ತಂತಿ ಹಗ್ಗ ನೇರ ಸುತ್ತಿದರೆ ತೊಗಟೆ ಸೀಳಿ ಮರ ಒಣಗಬಹುದು. ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಜೀಪಿನ ಹಿಂದಿನ ಚಾಸಿ ಕೊಕ್ಕೆಯಿಂದ ಇನ್ನೊಂದು ಮರಕ್ಕೆ ಪಟ್ಟಿ ಬಿಗಿದರೆ ಇನ್ನೂ ಒಳ್ಳೆಯದು. ಬಂಪರಿಗೆ ಮಾತ್ರ ಕಟ್ಟಬೇಡಿ.

ಪೂರ್ತಿ ಭಾರದಲ್ಲಿ ಇಂಥ 12 ವೋಲ್ಟ್ ವಿಂಚ್ 400 ಆಂಪಿಯರ್ ಹತ್ತಿರ ಕುಡಿಯುತ್ತದೆ. ಎಂಜಿನ್ ಚಾಲೂ ಇಟ್ಟು, ಸ್ವಲ್ಪ ಸ್ವಲ್ಪ ಎಳೆದು, ಮೋಟರ್ ಆರಲು ಬಿಡಿ.

ದಯವಿಟ್ಟು ಇದನ್ನು ಎಳೆಯಲು ಬರುವ ಎಲ್ಲರಿಗೂ ಹೇಳಿ. ಬಿಗಿದ ತಂತಿ ಹಗ್ಗ ತುಂಡಾದರೆ ಕಾಲು ಮುರಿಯುತ್ತದೆ, ಜೀವವೂ ಹೋಗಬಹುದು. ಹಗ್ಗದ ಮಧ್ಯೆ ಒದ್ದೆ ಗೋಣಿಚೀಲ ಹೊದಿಸಿ. ದಪ್ಪ ಚರ್ಮದ ಗ್ಲೌಸ್ ಇರಲಿ. ತಂತಿ ಹಗ್ಗವಾದರೆ ಡ್ರಮ್ಮಿನ ಮೇಲೆ ಕೊನೆಗೆ ಐದು ಸುತ್ತಾದರೂ ಉಳಿಯಬೇಕು. ರಾಟೆ ಕಟ್ಟಿದಾಗ ಹಗ್ಗದ ಎರಡು ಎಳೆಗಳ ನಡುವೆ ಯಾರೂ ನಿಲ್ಲಬಾರದು, ರಾಟೆ ಕಿತ್ತರೆ ಅಲ್ಲಿಗೇ ಹಾರುತ್ತದೆ. ದಿಮ್ಮಿಯ ಕೆಳಗಿನ ಇಳಿಜಾರಿನಲ್ಲೂ ಯಾರೂ ಇರಬಾರದು, ತೋಟದಲ್ಲಿ ಕೆಲಸ ಮಾಡುವವರೂ ಅಷ್ಟೇ. ಮಕ್ಕಳು ನೋಡಲು ಓಡಿ ಬರುತ್ತಾರೆ. ಅವರನ್ನು ಮನೆಯಲ್ಲೇ ಕೂರಿಸಿ.

ಮಳೆಗಾಲದಲ್ಲಂತೂ ಈ ಕೆಲಸ ಬೇಡ. ದಿಮ್ಮಿಗಳು ಅಲ್ಲೇ ಬಿದ್ದಿರಲಿ, ಜನವರಿಯಲ್ಲಿ ನೆಲ ಗಟ್ಟಿಯಾದ ಮೇಲೆ ಎಳೆಯಿರಿ.