ವೈನ್‌ನಲ್ಲಿ ಬ್ಲ್ಯಾಕ್‌ಬೆರಿಯ ಘಮ ನನಗೇಕೆ ಸಿಗುವುದಿಲ್ಲ?

ಓದುಗರ ಪ್ರಶ್ನೆ: ವೈನ್ ಬಾಟಲಿಯ ಹಿಂಬದಿಯ ಚೀಟಿಯಲ್ಲಿ ಬ್ಲ್ಯಾಕ್‌ಬೆರಿ, ಸೀಡರ್ ಮರ, ತಂಬಾಕು ಎಂದೆಲ್ಲ ಬರೆದಿರುತ್ತಾರೆ. ಎಷ್ಟೇ ಗಮನವಿಟ್ಟು ಕುಡಿದರೂ ನನಗೆ ಸಿಗುವುದು ‘ವೈನ್ ರುಚಿ’ ಒಂದೇ. ನನ್ನ ನಾಲಿಗೆಯಲ್ಲಿ ಏನಾದರೂ ಕೊರತೆಯಿದೆಯೇ? ಮನೆಯಲ್ಲಿ ಊಟದ ಜೊತೆ ಕುಡಿಯುವವರು ಇದನ್ನು ಕಲಿಯಬಹುದೇ?

ಉತ್ತರ: ನಿಮ್ಮ ನಾಲಿಗೆಯಲ್ಲಿ ಕೊರತೆಯಿಲ್ಲ, ಮತ್ತು ಇದನ್ನು ಖಂಡಿತ ಕಲಿಯಬಹುದು. ವಾಸನೆಗೆ ನಾವು ಕೊಡುವ ಹೆಸರು ನೆನಪಿನಿಂದ ಬರುತ್ತದೆ. ಬೇಲಿಯ ಬ್ಲ್ಯಾಕ್‌ಬೆರಿಯನ್ನು ಕಿತ್ತು ತಿಂದು ಬೆಳೆದವರಿಗೆ ಆ ಹೆಸರು ತಾನಾಗಿ ನಾಲಿಗೆಗೆ ಬರುತ್ತದೆ, ಆ ಹಣ್ಣನ್ನೇ ಮೂಸದವರಿಗೆ ಬರುವುದಿಲ್ಲ. ಅದೇ ವೈನನ್ನು ಮೂಸಿ ನೀವು ‘ಚೆನ್ನಾಗಿ ಕಳಿತ ನೇರಳೆ ಹಣ್ಣು’ ಎಂದರೆ ಅದು ತಪ್ಪಲ್ಲ, ನಿಮ್ಮ ಮಟ್ಟಿಗೆ ಅದೇ ಹೆಚ್ಚು ನಿಖರವಾದ ವಿವರಣೆ.

ಇನ್ನೊಂದು ಕಾರಣ ನಮ್ಮ ಊರಿನದೇ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯ ಗಾಢ ಘಮವನ್ನೇ ನಮ್ಮಲ್ಲಿ ಅನೇಕರು ‘ದ್ರಾಕ್ಷಿಯ ವಾಸನೆ’ ಎಂದು ತಿಳಿದಿದ್ದೇವೆ. ಕ್ರಿಸ್‌ಮಸ್‌ಗೆಂದು ಮನೆಗಳಲ್ಲಿ ಸಕ್ಕರೆ, ಚಕ್ಕೆ, ಲವಂಗ ಹಾಕಿ ಮಾಡುವ ಸಿಹಿ ವೈನಿನಲ್ಲೂ ಅದೇ ಘಮ ಮುಂದಾಗಿರುತ್ತದೆ. ಆದರೆ ಅದು ಅಮೆರಿಕದ ಲಬ್ರುಸ್ಕಾ ಜಾತಿಯ ದ್ರಾಕ್ಷಿಯಿಂದ ಬಂದ ಗುಣ. ನಂದಿ ಬೆಟ್ಟದ ಸುತ್ತಲೂ ನಾಸಿಕದಲ್ಲೂ ವೈನಿಗೆಂದು ಬೆಳೆಯುವ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್, ಶೆನಿನ್ ಬ್ಲಾಂಕ್ ಮೊದಲಾದವು ಯುರೋಪಿನ ಜಾತಿಯವು. ಅವುಗಳಲ್ಲಿ ಆ ಘಮ ಇರುವುದಿಲ್ಲ. ಪರಿಚಿತ ದ್ರಾಕ್ಷಿಯನ್ನು ಹುಡುಕುತ್ತಾ ಕುಡಿದವರಿಗೆ ‘ಹುಳಿ ಮತ್ತು ಒಗರು’ ಮಾತ್ರ ಕಂಡು ನಿರಾಸೆಯಾಗುವುದು ಸಹಜ.

ಆ ಹುಳಿ ಮತ್ತು ಒಗರಿನಿಂದಲೇ ಆರಂಭಿಸಬೇಕೆಂಬುದು ನನ್ನ ಸಲಹೆ. ಹಣ್ಣು ಹೂವುಗಳ ಹೆಸರು ಆಮೇಲೆ ಬರಲಿ. ನಾಲಿಗೆ ಮತ್ತು ಬಾಯಿ ನೇರವಾಗಿ ಹೇಳುವ ಸಂಗತಿಗಳು ಕೆಲವೇ: ಸಿಹಿ ಎಷ್ಟಿದೆ, ಹುಳಿ ಎಷ್ಟಿದೆ, ಒಗರು ಎಷ್ಟಿದೆ, ನುಂಗಿದ ಮೇಲೆ ಗಂಟಲಿನಲ್ಲಿ ಮದ್ಯಸಾರದ ಬಿಸಿ ಎಷ್ಟಿದೆ, ಮತ್ತು ಬಾಯಲ್ಲಿ ಅದು ನೀರು ಮಜ್ಜಿಗೆಯಂತೆ ತೆಳುವಾಗಿದೆಯೋ ಗಟ್ಟಿ ಹಾಲಿನಂತೆ ತುಂಬಿಕೊಳ್ಳುತ್ತದೆಯೋ. ಹುಳಿಯನ್ನು ಅಳೆಯಲು ನುಂಗಿದ ಮೇಲೆ ಬಾಯಲ್ಲಿ ಎಷ್ಟು ನೀರೂರುತ್ತದೆಂದು ಗಮನಿಸಿದರೆ ಸಾಕು. ಒಗರಿನ ವಿಷಯದಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವೊಂದಿದೆ: ಅದಕ್ಕೆ ನಮ್ಮಲ್ಲಿ ದಿನಬಳಕೆಯ ಪದವಿದೆ, ಷಡ್ರಸಗಳಲ್ಲಿ ಅದಕ್ಕೆ ಸ್ಥಾನವಿದೆ, ಎಳೆ ಅಡಿಕೆ, ಬಾಳೆಕಾಯಿ, ಗೇರುಹಣ್ಣುಗಳ ಮೂಲಕ ಚಿಕ್ಕಂದಿನಿಂದಲೇ ಅದರ ಪರಿಚಯವಿದೆ. ಕಹಿಯನ್ನೂ ಒಗರನ್ನೂ ಬೆರೆಸಿ ಗೊಂದಲಗೊಳ್ಳುವವರು ಬಹಳ. ಕಹಿ ನಾಲಿಗೆಯ ರುಚಿ, ಒಗರು ಒಸಡು ಮತ್ತು ಕೆನ್ನೆಯ ಒಳಭಾಗ ಒಣಗಿ ಬಿಗಿದುಕೊಳ್ಳುವ ಸ್ಪರ್ಶ. ಕೆಂಪು ವೈನ್ ತಯಾರಿಸುವಾಗ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳನ್ನು ರಸದೊಡನೆ ಬಿಟ್ಟು ಹುದುಗಿಸುವುದರಿಂದ ಅವುಗಳಲ್ಲಿರುವ, ಒಗರು ಕೊಡುವ ಟ್ಯಾನಿನ್ ಎಂಬ ಅಂಶ ವೈನಿಗೆ ಇಳಿಯುತ್ತದೆ. ಬಿಳಿ ವೈನಿಗೆ ಸಾಮಾನ್ಯವಾಗಿ ರಸವನ್ನು ಮೊದಲೇ ಬೇರ್ಪಡಿಸುವುದರಿಂದ ಒಗರು ಕಡಿಮೆ.

ಇನ್ನು ಘಮದ ವಿಷಯ. ಏಲಕ್ಕಿ ಹಾಕಿದ ಬೆಲ್ಲದ ಪಾನಕವನ್ನು ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ; ಸಿಹಿ ಮಾತ್ರ ತಿಳಿಯುತ್ತದೆ. ಮೂಗು ಬಿಟ್ಟ ಕ್ಷಣವೇ ಏಲಕ್ಕಿ ಬರುತ್ತದೆ. ನಾವು ರುಚಿ ಎನ್ನುವುದರ ಬಹುಪಾಲು ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ವಾಸನೆಯೇ. ಆದ್ದರಿಂದ ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ವೈನ್ ಹಾಕಿ, ಮೆಲ್ಲಗೆ ತಿರುಗಿಸಿ, ಕುಡಿಯುವ ಮೊದಲು ಮೂಸಬೇಕು.

ಚೀಟಿಯ ಮೇಲಿನ ಹೆಸರುಗಳೆಲ್ಲ ಬರಿಯ ಅಲಂಕಾರವೆಂದೂ ಭಾವಿಸಬೇಡಿ. ಶಿರಾಜ್‌ನಲ್ಲಿ ಕರಿಮೆಣಸಿನ ಘಮವಿದೆ ಎನ್ನುವುದು ಅಕ್ಷರಶಃ ನಿಜ. ರೊಟಂಡೋನ್ ಎಂಬ ಅದೇ ಸಂಯುಕ್ತ ಎರಡರಲ್ಲೂ ಇರುವುದನ್ನು ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಪ್ರಯೋಗದಲ್ಲಿ ಪಾಲ್ಗೊಂಡವರಲ್ಲಿ ಸುಮಾರು ಐವರಿಗೊಬ್ಬರಿಗೆ ಆ ಘಮ ತಿಳಿಯಲೇ ಇಲ್ಲ. ಅಂದರೆ ಒಂದೇ ಮೇಜಿನ ಮುಂದೆ ಕುಳಿತ ಗಂಡಹೆಂಡಿರಲ್ಲಿ ಒಬ್ಬರಿಗೆ ಮೆಣಸು ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ ಇಬ್ಬರೂ ಸರಿಯೇ. ಕ್ಯಾಬರ್ನೆ ಸೊವಿನ್ಯೋನ್‌ನಲ್ಲಿ ಕೆಲವೊಮ್ಮೆ ಕಾಣುವ ದೊಣ್ಣೆಮೆಣಸಿನಕಾಯಿಯ ಹಸಿರು ವಾಸನೆಗೂ ಆ ತರಕಾರಿಯಲ್ಲೇ ಇರುವ ಪೈರಜೀನ್ ಎಂಬ ಸಂಯುಕ್ತ ಕಾರಣ. ಶಾರ್ಡನೇ ಎಂಬ ದ್ರಾಕ್ಷಿಯ ಕೆಲವು ಬಿಳಿ ವೈನ್‌ಗಳ ಬೆಣ್ಣೆಯ ಘಮಕ್ಕೆ ಬೆಣ್ಣೆಯಲ್ಲಿರುವ ಡೈಅಸಿಟೈಲ್ ಎಂಬ ಸಂಯುಕ್ತ ಕಾರಣವಾದರೆ, ಓಕ್ ಪೀಪಾಯಿಯಲ್ಲಿಟ್ಟ ವೈನಿನ ತೆಂಗಿನಕಾಯಿ ಮತ್ತು ವೆನಿಲ್ಲಾ ಘಮಗಳು ಮರದಿಂದಲೇ ಇಳಿದು ಬರುತ್ತವೆ. ಈ ನಾಲ್ಕೈದು ವಸ್ತುಗಳು ನಿಮ್ಮ ಅಡುಗೆಮನೆಯಲ್ಲಿ ಈಗಲೇ ಇವೆ. ಜಜ್ಜಿದ ಕರಿಮೆಣಸನ್ನೂ ಹೆಚ್ಚಿದ ದೊಣ್ಣೆಮೆಣಸಿನಕಾಯಿಯನ್ನೂ ಪುಟ್ಟ ಬಟ್ಟಲುಗಳಲ್ಲಿ ಪಕ್ಕಕ್ಕಿಟ್ಟು, ಬಟ್ಟಲನ್ನೊಮ್ಮೆ ಗ್ಲಾಸನ್ನೊಮ್ಮೆ ಮೂಸುವುದಕ್ಕಿಂತ ಉತ್ತಮ ಪಾಠ ನನಗೆ ತಿಳಿದಿಲ್ಲ.

ಕಣ್ಣನ್ನು ಮಾತ್ರ ಅಷ್ಟಾಗಿ ನಂಬಬೇಡಿ. 2001ರಲ್ಲಿ ಪ್ರಕಟವಾದ, ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ, ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ವರ್ಣಿಸಿದರು. ಅಭ್ಯಾಸವಿದ್ದವರೇ ಹಾಗೆ ಮೋಸಹೋದರೆಂಬುದು ಹೊಸಬರಿಗೆ ಧೈರ್ಯ ಕೊಡಬೇಕು. ಮನೆಯಲ್ಲಿ ಇನ್ನೊಬ್ಬರಿಂದ ಸ್ಟೀಲ್ ಲೋಟಗಳಲ್ಲಿ ಹಾಕಿಸಿಕೊಂಡು, ಕಣ್ಣು ಮುಚ್ಚಿ ಪರೀಕ್ಷಿಸಿ ನೋಡಿ. ಒಂದೇ ಬಾಟಲಿಯ ಬದಲು ಎರಡನ್ನು ಅಕ್ಕಪಕ್ಕ ಇಟ್ಟುಕೊಂಡರೆ ಕಲಿಕೆ ಬೇಗ ಸಾಗುತ್ತದೆ, ಏಕೆಂದರೆ ‘ಇದು ಹುಳಿಯೇ?’ ಎಂಬ ಪ್ರಶ್ನೆಗಿಂತ ‘ಎರಡರಲ್ಲಿ ಯಾವುದು ಹೆಚ್ಚು ಹುಳಿ?’ ಎಂಬ ಪ್ರಶ್ನೆಗೆ ಉತ್ತರಿಸುವುದು ಸುಲಭ. ಒಂದೊಂದರಲ್ಲೂ ಎರಡು ಮೂರು ಗುಟುಕು ಸಾಕು.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳಿಗೆ ಹೇಳಿದ್ದು. ಅದಕ್ಕೆ 15ರಿಂದ 18 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮ ಬೇಸಿಗೆಯ 30 ಡಿಗ್ರಿಯಲ್ಲಿ ಮದ್ಯಸಾರದ ಘಾಟು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯುವುದು ಒಳ್ಳೆಯದು.

ಊಟದ ಜೊತೆ ಏನಾಗುತ್ತದೆಂದು ತಿಳಿಯಲು ಚಹಾದ ಡಿಕಾಕ್ಷನ್ ನೆನೆಯಿರಿ. ಬರಿಯ ಡಿಕಾಕ್ಷನ್ ಒಗರು. ಹಾಲು ಹಾಕಿದೊಡನೆ ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುವುದರಿಂದ ಒಗರು ತಗ್ಗುತ್ತದೆ. ಒಗರಾದ ಕೆಂಪು ವೈನ್ ಮಟನ್ ಜೊತೆ ಮೃದುವಾಗುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಖಾರದ ಮಾತು ಬೇರೆ. ಮದ್ಯಸಾರವೂ ಮೆಣಸಿನಕಾಯಿಯೂ ಒಂದರ ಉರಿಯನ್ನೊಂದು ಹೆಚ್ಚಿಸುತ್ತವೆ, ಒಗರು ಅದಕ್ಕೆ ಒರಟುತನ ಸೇರಿಸುತ್ತದೆ; ಹೀಗಾಗಿ ಖಾರವಾದ ಕೋಳಿ ಸಾರಿಗೆ ಬಲವಾದ ಕ್ಯಾಬರ್ನೆಗಿಂತ ತಣ್ಣಗಿರುವ, ತುಸು ಸಿಹಿ ಉಳಿದ ಶೆನಿನ್ ಬ್ಲಾಂಕ್ ಎಷ್ಟೋ ಮೇಲು. ಹುಣಸೆ ಹುಳಿ ಮುಂದಾದ ಅಡುಗೆಗೆ ವೈನಿನಲ್ಲೂ ಅಷ್ಟೇ ಹುಳಿಯಿರಬೇಕು, ಇಲ್ಲದಿದ್ದರೆ ವೈನ್ ಸಪ್ಪೆಯಾಗುತ್ತದೆ. ಕೊಡಗಿನ ಪಂದಿ ಕರಿಯಲ್ಲಿ ಕೊಬ್ಬು, ಕರಿಮೆಣಸು, ಕಾಚಂಪುಳಿಯ ಹುಳಿ ಮೂರೂ ಇರುವುದರಿಂದ ಅದರೊಡನೆ ಶಿರಾಜ್ ಇಟ್ಟು ನೋಡಿ. ಮೆಣಸಿಗೆ ಮೆಣಸು ಒದಗುವುದು ನನಗೆ ಬಹಳ ಇಷ್ಟ.

ಬಾಟಲಿಯಲ್ಲಿ ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ. ಮಾರನೆಯ ದಿನ, ಹಿಂದಿನ ದಿನ ಬರೆದುಕೊಂಡ ಟಿಪ್ಪಣಿಯನ್ನು ನೋಡದೆ ಮತ್ತೊಮ್ಮೆ ಮೂಸಿ ಬರೆಯಿರಿ, ಆಮೇಲೆ ಎರಡನ್ನೂ ಹೋಲಿಸಿ. ಎರಡು ದಿನವೂ ‘ನೇರಳೆ’ ಎಂದು ಬಂದಿದ್ದರೆ ಆ ಪದ ನಿಮ್ಮದು. ಮುಂದಿನ ಬಾಟಲಿಯ ಚೀಟಿಯಲ್ಲಿ ಬ್ಲ್ಯಾಕ್‌ಬೆರಿ ಎಂದು ಕಂಡಾಗ ಅದನ್ನು ನೇರಳೆ ಎಂದೇ ಓದಿಕೊಳ್ಳಿ.