'ಅರ್ಥ ಆಯ್ತಾ?' ಎಂದು ಕೇಳುವುದನ್ನು ಬಿಟ್ಟೆ

ಪಾಠ ಮುಗಿಸಿ 'ಅರ್ಥ ಆಯ್ತಾ?' ಎಂದರೆ ಇಡೀ ತರಗತಿ ಒಂದೇ ರಾಗದಲ್ಲಿ 'ಆಯ್ತು ಮಿಸ್' ಎನ್ನುತ್ತದೆ. ಸುಮಾರು ವರ್ಷ ನಾನು ಆ ರಾಗವನ್ನು ನಂಬಿಕೊಂಡೇ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ನಂಬಿಕೆ ಕೆಟ್ಟಿದ್ದು ಏಳನೇ ತರಗತಿಯ ಭಿನ್ನರಾಶಿಯಲ್ಲಿ.

1/2 + 1/3 ಎಷ್ಟು ಎಂಬ ಲೆಕ್ಕಕ್ಕೆ ಒಬ್ಬ ಹುಡುಗ 2/5 ಎಂದು ಬರೆದಿದ್ದ. ಕೆಂಪು ಪೆನ್ನು ಪಕ್ಕಕ್ಕಿಟ್ಟು ಹತ್ತಿರ ಕರೆದೆ. 'ಹೇಗೆ ಮಾಡ್ದೆ, ಹೇಳು.'

'ಮೇಲಿಂದು ಮೇಲಕ್ಕೆ, ಕೆಳಗಿಂದು ಕೆಳಕ್ಕೆ ಕೂಡಿಸಿದೆ ಮಿಸ್.'

'ಸರಿ. ಅರ್ಧ ರೊಟ್ಟಿ ತಿಂದೆ, ಆಮೇಲೆ ಇನ್ನೊಂದು ಚೂರು ತಿಂದೆ. ಒಟ್ಟು ಅರ್ಧಕ್ಕಿಂತ ಜಾಸ್ತಿ ಆಗ್ಬೇಕೋ, ಕಮ್ಮಿನೋ?'

'ಜಾಸ್ತಿ.' ಒಂದು ಕ್ಷಣ ತನ್ನ ಉತ್ತರವನ್ನೇ ನೋಡಿದ. ಐದು ಬೆರಳು ಬಿಡಿಸಿ, ಎರಡನ್ನು ಮಡಚಿದ. 'ಅಯ್ಯೋ, ಕಮ್ಮಿ ಆಗೋಯ್ತಲ್ಲ!'

ಛೇದಗಳನ್ನು ಒಂದೇ ಮಾಡಲು ಬೇಕಾದ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಬಗ್ಗೆ ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ತಪ್ಪನ್ನು ಅವನೇ ಹಿಡಿದಿದ್ದ.

ತನ್ನ ಯೋಚನೆಯನ್ನು ತಾನೇ ತಿರುಗಿ ನೋಡುವ ಈ ಕೆಲಸಕ್ಕೆ ಮೆಟಾಕಾಗ್ನಿಷನ್ ಎಂಬ ಹೆಸರಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾವೆಲ್ 1970ರ ದಶಕದಲ್ಲಿ ಇದನ್ನು ಚಾಲ್ತಿಗೆ ತಂದರು. ಹೆಸರು ದೊಡ್ಡದು, ಅಷ್ಟೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯಲ್ಲಿ ಪುಟ್ಟ ಮಗುವೂ ತಾನು ಕಲಿಕಾ ಏಣಿಯ (ಪಾಠಗಳನ್ನು ಮೆಟ್ಟಿಲಾಗಿ ಜೋಡಿಸಿದ ಪಟ್ಟಿಯ) ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನೋಡಿಕೊಂಡು ಮುಂದಿನ ಕಾರ್ಡ್ ತೆಗೆದುಕೊಳ್ಳುತ್ತದೆ. ಮಗು ನಾಲ್ಕನೇ ತರಗತಿಗೆ ಬರುತ್ತಿದ್ದಂತೆ ಆ ಏಣಿಯನ್ನು ನಾವೇ ಎತ್ತಿಟ್ಟುಬಿಡುತ್ತೇವೆ.

ಈಗ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ಮೊದಲು ಅಂಕ ಹಾಕದೆ ವಾಪಸ್ ಕೊಡುತ್ತೇನೆ. ಅಂಕ ಕಂಡ ಮೇಲೆ ಮಕ್ಕಳು ಬೇರೇನನ್ನೂ ನೋಡುವುದಿಲ್ಲ, ಪಕ್ಕದವರ ಅಂಕ ಬಿಟ್ಟು. ಮೊದಮೊದಲು ಅದರ ಜೊತೆ ಒಂದು ಚೀಟಿ ಕೊಟ್ಟು, 'ಏನು ಕಲಿತೆ?' ಎಂಬುದಕ್ಕೆ ಉತ್ತರ ಬರೆಯಲು ಹೇಳಿದ್ದೆ. ಬಂದ ಉತ್ತರಗಳು: 'ಪಾಠ ಚೆನ್ನಾಗಿತ್ತು', 'ಇನ್ನು ಮುಂದೆ ಚೆನ್ನಾಗಿ ಓದುತ್ತೇನೆ'. ಟೀಚರಿಗೆ ಏನು ಬೇಕು ಎನ್ನುವುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ತಪ್ಪು ಅವರದಲ್ಲ, ನನ್ನ ಪ್ರಶ್ನೆಯದ್ದು.

ಪ್ರಶ್ನೆ ಬದಲಿಸಿದೆ: 'ಯಾವ ಸಾಲಿನಲ್ಲಿ ದಾರಿ ತಪ್ಪಿದೆ?' ಹಿಂದಿನ ದಿನ ಬೋರ್ಡಿನ ಮೇಲೆ ನಾನೇ ಮಾಡಿದ್ದ ಒಂದು ತಪ್ಪನ್ನು ಮೊದಲು ಬರೆದು ತೋರಿಸಿದೆ. ಚೀಟಿಗೆ ಅಂಕವಿಲ್ಲ, ಗಟ್ಟಿಯಾಗಿ ಓದುವುದೂ ಇಲ್ಲ ಎಂದೆ. ಒಬ್ಬ ಹುಡುಗಿ ಬರೆದಳು: 'ಮೊದಲ ಸಾಲಲ್ಲೇ. ಉಳಿದ ಭಾಗ ಎಷ್ಟು ಅಂತ ಕೇಳಿದ್ರಿ, ನಾನು ತಿಂದ ಭಾಗ ಬರೆದೆ.' ಅವಳಿಗೆ ಭಿನ್ನರಾಶಿ ಬರುತ್ತದೆ, ಪ್ರಶ್ನೆ ಓದುವ ತಾಳ್ಮೆ ಬೇಕು. ಬರೀ ತಪ್ಪು ಗುರುತು ನೋಡಿದ್ದರೆ ನನಗಿದು ತಿಳಿಯುತ್ತಿತ್ತೇ?

ಬರೆಯಲು ಕಷ್ಟಪಡುವವರು ಪಕ್ಕದವರಿಗೆ ಬಾಯಲ್ಲಿ ಹೇಳಿದರೂ ಸಾಕು. ವಾರಕ್ಕೆ ಎರಡು ಸಲ, ಕೊನೆಯ ಐದು ನಿಮಿಷ. ಮೊದಲು ದಿನಾ ಮಾಡಿಸುತ್ತಿದ್ದೆ, ಅದೂ ಬೆಳಗಿನ ಪ್ರಾರ್ಥನೆಯ ಹಾಗೆ ಬಾಯಿಪಾಠವಾಯಿತು.

'ಇದೆಲ್ಲ ಮಾಡ್ತಾ ಕೂತ್ರೆ ಪೋರ್ಷನ್ ಮುಗಿಯುತ್ತಾ?' ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮೊದಲೆಲ್ಲ ಪರೀಕ್ಷೆಗೆ ಮುಂಚೆ ಇಡೀ ಅಧ್ಯಾಯವನ್ನು ಮತ್ತೆ ಮಾಡುತ್ತಿದ್ದೆ. ಈ ಸಲ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಹೆಚ್ಚಿನವರು ಒಂದೇ ಕಡೆ ಎಡವಿದ್ದರು: ಛೇದವನ್ನು ಬದಲಿಸಿ, ಅಂಶವನ್ನು ಗುಣಿಸಲು ಮರೆತಿದ್ದರು. ಅದೊಂದನ್ನೇ ಹತ್ತು ನಿಮಿಷ ಮಾಡಿ, ದಶಮಾಂಶ ಶುರು ಮಾಡಿದೆ.