ಕೊಳೆತ ಎಲೆಯ ಕಂದು ನೀರಿನಲ್ಲಿ ಚಿನ್ನ

ಚಿನ್ನ ಕರಗುವುದೇ ಇಲ್ಲ ಎಂಬುದು ಪೂರ್ತಿ ನಿಜವಲ್ಲ. ಉಪ್ಪು, ಆಮ್ಲ, ಆಮ್ಲಜನಕ ಒಟ್ಟಾದ ಮಣ್ಣಿನಲ್ಲಿ ಅದು ಕ್ಲೋರೈಡಿನೊಂದಿಗೆ ಕೂಡಿ ಅತ್ಯಲ್ಪವಾಗಿಯಾದರೂ ಕರಗುತ್ತದೆ. ಗಂಧಕದ ಖನಿಜಗಳು ಉತ್ಕರ್ಷಣಗೊಳ್ಳುವಲ್ಲಿ ಥಯೋಸಲ್ಫೇಟ್ ಎಂಬ ಗಂಧಕ-ಆಮ್ಲಜನಕದ ಅಯಾನು ಈ ಕೆಲಸ ಮಾಡುತ್ತದೆ. ಕರಗಿದ ಚಿನ್ನ ಮತ್ತೆ ಲೋಹವಾಗಲು ಎಲೆಕ್ಟ್ರಾನ್ ಬೇಕು. ಅದನ್ನು ಕೊಡಬಲ್ಲ ಮುಖ್ಯ ದಾನಿಗಳಲ್ಲಿ ಒಂದು, ಎಲೆ ಬೇರುಗಳು ಕೊಳೆತು ಉಳಿಯುವ ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲ. ಇವುಗಳ ಫೀನಾಲ್ ಗುಂಪುಗಳು (ಇಂಗಾಲದ ಉಂಗುರಕ್ಕೆ OH ಅಂಟಿದ ಭಾಗಗಳು) ಎಲೆಕ್ಟ್ರಾನ್ ಕೊಟ್ಟು ತಾವು ಕ್ವಿನೋನ್ ಎಂಬ ಉತ್ಕರ್ಷಿತ ರೂಪ ತಾಳುತ್ತವೆ.

ಲೆಕ್ಕ ಸರಳ. ಮೂರು ಧನ ಆವೇಶದ ಒಂದು ಚಿನ್ನದ ಅಯಾನಿಗೆ ಮೂರು ಎಲೆಕ್ಟ್ರಾನ್. ಒಂದು ಗ್ರಾಂ ಹ್ಯೂಮಿಕ್ ಆಮ್ಲ 3 ಮಿಲಿಮೋಲ್ ಎಲೆಕ್ಟ್ರಾನ್ ಕೊಡುತ್ತದೆ ಎಂದು ಹಿಡಿದರೆ, 50 ಮಿಲಿಗ್ರಾಂ ಆಮ್ಲ ಸುಮಾರು 10 ಮಿಲಿಗ್ರಾಂ ಚಿನ್ನವನ್ನು ಲೋಹವಾಗಿಸಬಲ್ಲದು. ಕತ್ತಲಲ್ಲೂ ಇದು ನಡೆಯುತ್ತದೆ. ಬಿಸಿಲು ಬಿದ್ದರೆ ಸಾವಯವ ವಸ್ತು ಬೆಳಕನ್ನು ಹೀರಿ ಸೂಪರ್‌ಆಕ್ಸೈಡ್ (ಒಂದು ಎಲೆಕ್ಟ್ರಾನ್ ಹೆಚ್ಚಿರುವ ಆಮ್ಲಜನಕ) ಹುಟ್ಟಿಸುವುದರಿಂದ ವೇಗ ಹೆಚ್ಚುತ್ತದೆ. ಆದರೆ ಗಂಧಕವಿರುವ ಥಯೋಲ್ ಗುಂಪುಗಳು ಒಂದು ಆವೇಶದ ಚಿನ್ನವನ್ನು ಬಿಗಿಯಾಗಿ ಹಿಡಿದು, ಅದು ಲೋಹವಾಗುವ ಕೊನೆಯ ಹೆಜ್ಜೆಯನ್ನು ತಡೆಯಲೂಬಹುದು.

ನನಗೆ ಇದಕ್ಕಿಂತಲೂ ಮಹತ್ವದ್ದಾಗಿ ಕಾಣುವುದು ಮುಂದಿನ ಹಂತ. ಹುಟ್ಟಿದ ಕಣಕ್ಕೆ ಅದೇ ಆಮ್ಲ ಅಂಟಿಕೊಂಡು ಋಣ ಆವೇಶದ ಹೊದಿಕೆಯಾಗುತ್ತದೆ. ಕಣಗಳು ಒಂದನ್ನೊಂದು ದೂರ ತಳ್ಳುತ್ತ ನೀರಿನೊಡನೆ ಸಾಗುತ್ತವೆ. 5 ನ್ಯಾನೋಮೀಟರ್ ವ್ಯಾಸದ ಕಣದಲ್ಲಿರುವುದು ಸುಮಾರು 3,900 ಪರಮಾಣು ಮಾತ್ರ. ಹೀಗೆ ಚಿನ್ನವನ್ನು ಲೋಹವಾಗಿಸಿದ ಆಮ್ಲವೇ ಅದನ್ನು ಹೊತ್ತೊಯ್ಯುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ನೀರು ಸಿಕ್ಕಾಗ ಹೊದಿಕೆಗಳ ನಡುವೆ ಸೇತುವೆ ಬಿದ್ದು, ಕಣಗಳು ಗುಂಪುಗೂಡಿ ತಳ ಸೇರುತ್ತವೆ.

ಪ್ರಯೋಗಾಲಯದಲ್ಲಿ ಎಡವುವುದೂ ಇಲ್ಲೇ. 0.45 ಮೈಕ್ರೋಮೀಟರ್ ಸೋಸುಹಾಳೆಯಿಂದ ಈ ಕಣಗಳು ಸಲೀಸಾಗಿ ನುಸುಳಿ ‘ಕರಗಿದ ಚಿನ್ನ’ದ ಲೆಕ್ಕಕ್ಕೆ ಸೇರಿಬಿಡುತ್ತವೆ. ಅತಿಸೂಕ್ಷ್ಮ ಸೋಸುಪೊರೆ ಬಳಸಿದರೆ ಆಮ್ಲದೊಡನೆ ಬಂಧಿತವಾದ ಅಯಾನುಗಳೂ ಮೇಲೆಯೇ ಉಳಿದು ಕಣಗಳಂತೆ ಕಾಣಿಸುತ್ತವೆ. ಹಾಗಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಾಕ್ಷ್ಯ ಬೇಕೇ ಬೇಕು. ದ್ರಾವಣ ಸುಮಾರು 520 ನ್ಯಾನೋಮೀಟರ್ ಬೆಳಕನ್ನು ಹೀರಿ ಕೆಂಪಾಗುವುದು ಒಳ್ಳೆಯ ಸೂಚನೆ, ಆದರೆ ಆಮ್ಲದ ಕಂದು ಬಣ್ಣವನ್ನು ಕಳೆಯದೆ ನಂಬಬಾರದು. ಹಿಂದಿನ ಪ್ರಯೋಗದ ಚಿನ್ನ ಗಾಜಿಗೆ ಅಂಟಿದ್ದರೆ ಅದೇ ಬೀಜವಾಗಿ ಹೊಸ ಕಣ ಬೆಳೆಸುತ್ತದೆ. ಪಾತ್ರೆಗಳನ್ನು ಚಿನ್ನ ಕರಗಿಸುವ ಆಕ್ವಾ ರೀಜಿಯಾದಿಂದ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ತೊಳೆದು, ಸಾವಯವ ವಸ್ತುವಿಲ್ಲದ ಒಂದು ಮಾದರಿಯನ್ನೂ ಕತ್ತಲಲ್ಲಿಟ್ಟ ಇನ್ನೊಂದನ್ನೂ ಜೊತೆಗೇ ನಡೆಸಬೇಕು.